ಕಿರಾಣಿ ತಕ್ಕಡಿಯಲ್ಲಿ ಒಂದು ಗಿಡುಗ

ಕಾರಹುಣ್ಣಿಮೆ ಹತ್ತಿರ ಬಂದಿತ್ತು. ನಮ್ಮ ಕಡೆ ಆಗ ಹುಡುಗರ ಕೈಯಲ್ಲೆಲ್ಲ ಗಾಳಿಪಟ. ಒಂದು ಭಾನುವಾರ ಶಿರಗುಪ್ಪಿಯ ಕಿರಾಣಿ ಅಂಗಡಿ ಮುಂದೆ ನಾವು ಚಹಾ ಕುಡಿಯುತ್ತ ನಿಂತಿದ್ದಾಗ ಮೂವರು ಹುಡುಗರು ಚಪ್ಪಲಿ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದರು. ಒಳಗೆ ಒಂದು ಹಕ್ಕಿ. ಪಾರಿವಾಳಕ್ಕಿಂತ ತುಸು ಸಣ್ಣದು, ಬೂದು ಬೆನ್ನು, ಕೊಕ್ಕಿ ಮೂತಿ, ಕೆಂಪು ಕಣ್ಣು. ಬಿಜ್ಜು ಅಂತಾರಲ್ಲ, ಶಿಕ್ರಾ ಅಂತಲೂ ಕರೆಯುವ ಸಣ್ಣ ಗಿಡುಗ, ಅದು. ರೆಕ್ಕೆಗೆ ಗಾಳಿಪಟದ ದಾರ ಸುತ್ತಿಕೊಂಡಿತ್ತು.

ದಾರ ಬಿಡಿಸಿದೆವು. ಅಂಗಡಿಯವರು "ಎಷ್ಟ್ ತೂಗ್ತೈತಿ ನೋಡೂಣು ತಡೀರಿ" ಅಂತ ಖಾಲಿ ಡಬ್ಬಿಯ ತೂಕ ಸೊನ್ನೆ ಮಾಡಿ, ಹಕ್ಕಿಯನ್ನು ಡಬ್ಬಿಯಲ್ಲಿಟ್ಟು ತಕ್ಕಡಿಗೆ ಹಾಕಿದರು. 0.110 ಅಂತ ಕೆಂಪು ಅಂಕಿ ಬಂತು. ನೂರಾ ಹತ್ತು ಗ್ರಾಂ. "ಅರ್ಧಪಾವ್ ಕೆಜಿನೂ ಇಲ್ಲಲೋ ಇದು" ಅಂತ ಯಾರೋ ನಕ್ಕರು.

ಹುಡುಗರು ಅದಕ್ಕೆ ಹಾಲಿನಲ್ಲಿ ನೆನೆಸಿದ ಬ್ರೆಡ್ ತಿನ್ನಿಸಿದರು. ನಾವೂ ತಡೆಯಲಿಲ್ಲ. ಮರುದಿನ ಮತ್ತೆ ತೂಗಿದಾಗ ಅದೇ 0.110. "ಇಳದಿಲ್ಲ ಬಿಡ್ರಿ, ಆರಾಮೈತಿ" ಅಂದುಕೊಂಡೆವು. ಮಂಗಳವಾರ ಬೆಳಿಗ್ಗೆ ಡಬ್ಬಿ ತೆರೆದಾಗ ಹಕ್ಕಿ ಸತ್ತಿತ್ತು.

ಈ ಮಾತನ್ನು ಊರಿನ ಹಿರಿಯ ಅಕ್ಕಸಾಲಿಗರೊಬ್ಬರ ಮುಂದೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಆ ತಕ್ಕಡಿ ಎಷ್ಟೆಷ್ಟಕ್ಕ ಜಿಗಿತೈತಿ?" ಹೋಗಿ ನೋಡಿದೆವು. ಐದೈದು ಗ್ರಾಂಗೆ ಜಿಗಿಯುವ ತಕ್ಕಡಿ. ನೂರಾ ಐದು, ನೂರಾ ಹತ್ತು, ನೂರಾ ಹದಿನೈದು. ನಡುವಿನದು ಅದಕ್ಕೆ ಕಾಣುವುದೇ ಇಲ್ಲ. ಅಕ್ಕಿ ಬೇಳೆ ತೂಗುವುದಕ್ಕೆ ಅಷ್ಟು ಸಾಕು. ನೂರಾ ಹತ್ತು ಗ್ರಾಂ ಜೀವಕ್ಕೆ ಸಾಲದು.

ಗಿಡುಗ ಸಾಕಿ ಬೇಟೆಯಾಡಿದ ಜನ ಸಾವಿರಾರು ವರ್ಷ ಇದ್ದರಲ್ಲ, ಅವರು ಹೇಗೆ ತೂಗುತ್ತಿದ್ದರು? ಯಾವ ತಕ್ಕಡಿ ಆರಿಸುತ್ತಿದ್ದರು? ಈ ಬರಹ ಆ ಪ್ರಶ್ನೆಯ ಬೆನ್ನು ಹತ್ತಿ ಹೋದದ್ದು.

ಅಣ್ಣಿಗೇರಿ ದಾರಿಯ ಅರಸರು

ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಶಿರಗುಪ್ಪಿಯಿಂದ ಗದಗ ದಾರಿ ಹಿಡಿದರೆ ಅಣ್ಣಿಗೇರಿ ಸಿಗುತ್ತದೆ. ಅಮೃತೇಶ್ವರ ಗುಡಿಯ ಊರು, ಆದಿಕವಿ ಪಂಪನ ಊರು. ಕಲ್ಯಾಣದ ಚಾಲುಕ್ಯರ ಕೊನೆಯ ಅರಸ ನಾಲ್ಕನೆಯ ಸೋಮೇಶ್ವರ 1184ರ ಸುಮಾರಿಗೆ ಇದೇ ಅಣ್ಣಿಗೇರಿಯಿಂದ ಆಳಿದ. ಅವನದೇ ಮನೆತನದಲ್ಲಿ ಅವನಿಗಿಂತ ಅರ್ಧ ಶತಮಾನ ಮೊದಲು ಆಳಿದವನು ಮೂರನೆಯ ಸೋಮೇಶ್ವರ, ಆರನೆಯ ವಿಕ್ರಮಾದಿತ್ಯನ ಮಗ.

ಈ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ಒಂದು ದೊಡ್ಡ ಗ್ರಂಥ ಬರೆದ. ಹೆಸರು 'ಮಾನಸೋಲ್ಲಾಸ', ಇನ್ನೊಂದು ಹೆಸರು 'ಅಭಿಲಷಿತಾರ್ಥ ಚಿಂತಾಮಣಿ'. ಐದು ಭಾಗ, ಭಾಗಕ್ಕೆ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ರಾಜ್ಯ ನಡೆಸುವುದರಿಂದ ಹಿಡಿದು ಅಡುಗೆ, ಆಟ, ಸಂಗೀತ, ಚಿತ್ರಕಲೆಯವರೆಗೆ ಎಲ್ಲವೂ ಅದರಲ್ಲಿದೆ. ಅರಸರ ವಿನೋದಗಳ ಭಾಗದಲ್ಲಿ ಕೋಳಿ ಕಾಳಗ, ಟಗರು ಕಾಳಗ, ನಾಯಿಗಳ ಬೇಟೆ, ಮೀನು ಹಿಡಿಯುವುದರ ಜೊತೆಗೆ 'ಶ್ಯೇನ ವಿನೋದ' ಅಂತಲೂ ಒಂದಿದೆ. ಶ್ಯೇನ ಅಂದರೆ ಗಿಡುಗ.

ಗಿಡುಗದ ಬೇಟೆಯ ಮಾತು ಬಂದರೆ ಯುರೋಪಿನವರು ಚಕ್ರವರ್ತಿ ಎರಡನೆಯ ಫ್ರೆಡರಿಕ್‌ನ ಪುಸ್ತಕವನ್ನು ಮೊದಲು ನೆನೆಯುತ್ತಾರೆ. ಅದು ಹದಿಮೂರನೆಯ ಶತಮಾನದ್ದು. ನಮ್ಮ ಕಲ್ಯಾಣದ ಅರಸ ಅದಕ್ಕಿಂತ ಸುಮಾರು ನೂರು ವರ್ಷ ಮೊದಲೇ ಈ ವಿಷಯ ಬರೆದಿಟ್ಟಿದ್ದ. ಕಲ್ಯಾಣ ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ.

ಕನ್ನಡದಲ್ಲೂ ಈ ಹಕ್ಕಿಗಳಿಗೆ ಹಳೆಯ ಹೆಸರುಗಳಿವೆ. ಗಿಡುಗ, ಡೇಗೆ, ಸಾಳುವ, ಚಾಣ. ಬೇಟೆಗೆ ಪಳಗಿಸಿದ ಗಿಡುಗಕ್ಕೆ ಸಾಳುವ ಅನ್ನುತ್ತಿದ್ದರು. 1485ರಲ್ಲಿ ವಿಜಯನಗರದ ಗದ್ದುಗೆ ಏರಿದ ಸಾಳುವ ನರಸಿಂಹನ ಮನೆತನಕ್ಕೆ ಅದೇ ಹೆಸರು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯೂ ಸಾಳುವ ಮನೆತನದವಳೇ. ಬೇಟೆಯ ಹಕ್ಕಿಯೊಂದರ ಹೆಸರು ರಾಜವಂಶದ ಹೆಸರಾಗಿ ನಿಂತಿತು ಅಂದರೆ ಆ ಹಕ್ಕಿಗಿದ್ದ ಮರ್ಯಾದೆ ಎಷ್ಟೆಂದು ಲೆಕ್ಕ ಹಾಕಬಹುದು.

ಮುಂದೆ ನಮ್ಮ ಧಾರವಾಡ ಸೀಮೆ ವಿಜಯಪುರದ ಆದಿಲಶಾಹಿಗಳ ಕೈಗೆ ಹೋಯಿತು. ಅವರಲ್ಲೂ ಈ ಗೀಳಿತ್ತು. ಎರಡನೆಯ ಇಬ್ರಾಹಿಂ ಆದಿಲಶಹಾ ಕೈ ಮೇಲೆ ಗಿಡುಗ ಕೂರಿಸಿಕೊಂಡು ಕುದುರೆ ಏರಿ ಹೊರಟ ಒಂದು ಚಿತ್ರ 1590ರ ಸುಮಾರಿನದು, ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ಬಾಜ್, ಜುರ್ರಾ, ಶಾಹೀನ್, ಶಿಕ್ರಾ ಎಂಬ ಪಾರಸಿ-ಉರ್ದು ಹೆಸರುಗಳು ಇಂಥ ದರ್ಬಾರುಗಳಲ್ಲಿ ಓಡಾಡಿದವು. ಬಾಜ್ ಅಂದರೆ ಹೆಣ್ಣು, ಅದೇ ಜಾತಿಯ ಗಂಡಿಗೆ ಜುರ್ರಾ ಅನ್ನುತ್ತಿದ್ದರು. ಹೀಗೆ ಬೇರೆ ಹೆಸರಿಡಲು ಕಾರಣವಿದೆ. ಗಿಡುಗಗಳಲ್ಲಿ ಹೆಣ್ಣೇ ದೊಡ್ಡದು, ಗಂಡು ಸಣ್ಣದು. ಅಂದರೆ ತೂಕದ ಮಾತು ಹಕ್ಕಿಯ ಹೆಸರಿನಲ್ಲೇ ಶುರುವಾಗುತ್ತದೆ.

ತೂಕ ಯಾಕೆ ಬೇಕು

ನಾಯಿ ಒಡೆಯನ ಪ್ರೀತಿಗೆ ಬರುತ್ತದೆ, ಎತ್ತು ರೂಢಿಗೆ ಬರುತ್ತದೆ. ಗಿಡುಗ ಬರುವುದು ಹಸಿವಿಗೆ. ಬೇಟೆಗಾರನ ಕೈಗವಸಿನ ಮೇಲೆ ಒಂದು ಚೂರು ಮಾಂಸ ಇದೆ ಎಂಬ ನಂಬಿಕೆಯೇ ಅದನ್ನು ಆಕಾಶದಿಂದ ವಾಪಸು ಕರೆಯುವ ದಾರ.

ಹೊಟ್ಟೆ ತುಂಬಿ ಕೊಬ್ಬಿದ ಗಿಡುಗವನ್ನು ಬಿಟ್ಟರೆ ಮರದ ಮೇಲೆ ಕೂತು ರೆಕ್ಕೆ ತಿದ್ದಿಕೊಳ್ಳುತ್ತದೆ, ಕರೆದರೆ ಬರುವುದಿಲ್ಲ, ಸಂಜೆಗೆ ಹಾರಿಹೋಗುತ್ತದೆ. ಹೆಚ್ಚು ಹಸಿದದ್ದನ್ನು ಬಿಟ್ಟರೆ ಅದಕ್ಕೆ ಬೇಟೆ ಅಟ್ಟುವ ಕಸುವೇ ಇರುವುದಿಲ್ಲ. ಹಾಗೇ ಮುಂದುವರಿದರೆ ಸಾಯುತ್ತದೆ. ಈ ಎರಡರ ನಡುವೆ ಒಂದು ಕಿರಿದಾದ ದಾರಿಯಿದೆ. ಆ ತೂಕದಲ್ಲಿ ಹಕ್ಕಿ ಗಟ್ಟಿಯಾಗಿರುತ್ತದೆ, ಚುರುಕಾಗಿರುತ್ತದೆ, ಕೈಗೂ ಬರುತ್ತದೆ. ಪ್ರತಿ ಹಕ್ಕಿಗೂ ಅದು ಬೇರೆ. ಚಳಿಯಲ್ಲಿ ಬೇರೆ, ಬಿಸಿಲಲ್ಲಿ ಬೇರೆ.

ಹಕ್ಕಿ ಸಣ್ಣದಾದಷ್ಟೂ ಈ ದಾರಿ ಸಣ್ಣದು. ಒಂಬೈನೂರು ಗ್ರಾಂ ತೂಗುವ ದೊಡ್ಡ ಡೇಗೆ ನೂರಕ್ಕೆ ಐದರಷ್ಟು ಇಳಿದರೆ 45 ಗ್ರಾಂ ಕಡಿಮೆಯಾಗುತ್ತದೆ, ಯಾವ ತಕ್ಕಡಿಗಾದರೂ ಗೊತ್ತಾಗುತ್ತದೆ. ನೂರಾ ಹತ್ತು ಗ್ರಾಂನ ಬಿಜ್ಜು ಅಷ್ಟೇ ಪಾಲು ಇಳಿದರೆ ಕಡಿಮೆಯಾಗುವುದು ಐದೂವರೆ ಗ್ರಾಂ. ಶಿರಗುಪ್ಪಿಯ ಆ ತಕ್ಕಡಿ ಒಂದು ಸಲ ಜಿಗಿಯುವಷ್ಟು, ಅಷ್ಟೇ.

ಕೈಯೇ ತಕ್ಕಡಿ

ಹಳೆಯ ಕಾಲದ ಗಿಡುಗದವರ ಮೊದಲ ತಕ್ಕಡಿ ಅವರ ಬೆರಳು. ಹಕ್ಕಿಯ ಎದೆ ನಡುವೆ ದೋಣಿಯ ತಳದಂಥ ಒಂದು ಎಲುಬಿರುತ್ತದೆ. ಅದರ ಎರಡೂ ಬದಿಗೆ ಹಾರುವ ಮಾಂಸ. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಅಲ್ಲಿ ಮುಟ್ಟಿ ನೋಡಿದರೆ ಎಲುಬು ಚಾಕುವಿನ ಬಾಯಿಯಂತೆ ಸಿಕ್ಕರೆ ಹಕ್ಕಿ ಬಡಕಲಾಗಿದೆ, ಎಲುಬು ಸಿಗದಂತೆ ಮಾಂಸ ಉಬ್ಬಿದ್ದರೆ ಕೊಬ್ಬಿದೆ. ನಮ್ಮಲ್ಲಿ ಎತ್ತಿನ ಪಕ್ಕೆ ಮುಟ್ಟಿ, ಹೋರಿಯ ಬೆನ್ನು ಸವರಿ ಬೆಲೆ ಕಟ್ಟುವ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದು ಒಳ್ಳೆಯ ವಿದ್ಯೆ, ಇಂದಿಗೂ ಪಕ್ಷಿವೈದ್ಯರು ಮೊದಲು ಮುಟ್ಟಿ ನೋಡುವುದು ಅಲ್ಲೇ. ಆದರೆ ಅದಕ್ಕೆ ಎರಡು ಕೊರತೆ. ಒಂದು, ಅದನ್ನು ಕಲಿಯಲು ವರ್ಷಗಳು ಬೇಕು, ಕಲಿಯುವಾಗ ಕೆಲವು ಹಕ್ಕಿ ಸಾಯುತ್ತವೆ. ಎರಡು, ಕೈಗೆ ನೆನಪು ಸರಿಯಾಗಿರುವುದಿಲ್ಲ. ನಿನ್ನೆಗಿಂತ ಇವತ್ತು ಇಳಿದಿದೆ ಅಂತ ಹೇಳಬಹುದು, ಎಷ್ಟು ಇಳಿದಿದೆ ಅಂತ ಬರೆದಿಡಲಾಗದು. ದರ್ಬಾರಿನ ಗಿಡುಗದವನು ಕಾಯಿಲೆ ಬಿದ್ದು ಹಾಸಿಗೆ ಹಿಡಿದರೆ ಅವನ ಕೈಯಲ್ಲಿದ್ದ ಲೆಕ್ಕ ಮಗನಿಗೆ ಹೋಗುತ್ತಿರಲಿಲ್ಲ.

ಯಾವ ಸೇರು?

ಹಾಗಾದರೆ ತಕ್ಕಡಿ ಇರಲಿಲ್ಲವೇ? ಇದ್ದವು, ಬೇಕಾದಷ್ಟು ಇದ್ದವು. ಆದರೆ ಗಿಡುಗಕ್ಕೆ ಹೊಂದುವಂಥದು ಸಿಗುವುದು ಕಷ್ಟವಿತ್ತು.

ಕಾಳಿನ ತಕ್ಕಡಿ ಮಣ ಸೇರಿನ ಲೆಕ್ಕದ್ದು. ಆ ಸೇರೂ ಊರಿಗೊಂದು. ಸರಕಾರಿ ಪಕ್ಕಾ ಸೇರು 80 ತೊಲ, ಅಂದರೆ ಇಂದಿನ ಲೆಕ್ಕದಲ್ಲಿ 933 ಗ್ರಾಂ. ಮುಂಬೈ ಸೇರು ಸುಮಾರು 318 ಗ್ರಾಂ. ಮದರಾಸು ಕಡೆಯ ಸೇರು 24 ತೊಲ, 280 ಗ್ರಾಂ. ನಮ್ಮ ಧಾರವಾಡ ಜಿಲ್ಲೆ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು, ಬಳ್ಳಾರಿ 1953ರವರೆಗೆ ಮದರಾಸಿನಲ್ಲಿತ್ತು. 'ಈ ಹಕ್ಕಿಯನ್ನು ಮೂರು ಸೇರಿಗೆ ಇಡು' ಅಂತ ಇಲ್ಲಿಂದ ಬಳ್ಳಾರಿಗೆ ಚೀಟಿ ಕಳಿಸಿದರೆ, ಅಲ್ಲಿನವನು ತನ್ನ ಸೇರಿನಲ್ಲಿ ತೂಗಿ ನೂರು ಗ್ರಾಂಗೂ ಹೆಚ್ಚು ಇಳಿಸಿಬಿಡುತ್ತಿದ್ದ. ಚೀಟಿಯಲ್ಲಿ ತಪ್ಪಿಲ್ಲ, ತಕ್ಕಡಿಯಲ್ಲಿ ತಪ್ಪಿಲ್ಲ, ಆದರೂ ಹಕ್ಕಿಗೆ ಕುತ್ತು.

ಇನ್ನೊಂದು ಕಡೆ ಅಕ್ಕಸಾಲಿಗರ ತಕ್ಕಡಿ. ಅದರ ಲೆಕ್ಕ ಗುಲಗಂಜಿಯದು. 96 ಗುಂಜಿಗೆ ಒಂದು ತೊಲ, ತೊಲ ಅಂದರೆ 11.66 ಗ್ರಾಂ. ಹಾಗಾಗಿ ಒಂದು ಗುಂಜಿ ಗ್ರಾಂನ ಎಂಟನೆಯ ಒಂದು ಪಾಲಿಗೂ ತುಸು ಕಡಿಮೆ. ಸೂಕ್ಷ್ಮದಲ್ಲಿ ಅದನ್ನು ಮೀರಿಸಿದ್ದು ಊರಲ್ಲಿ ಇರಲಿಲ್ಲ. ಆದರೆ ಅದರ ಬಟ್ಟಲು ಅಂಗೈಗಿಂತ ಸಣ್ಣದು. ರೆಕ್ಕೆ ಬಡಿಯುವ ಹಕ್ಕಿಯನ್ನು ಎಲ್ಲಿ ಕೂರಿಸುವುದು?

ಹೀಗೆ ಒಂದು ತಕ್ಕಡಿಗೆ ಹಕ್ಕಿ ಕೂರುವಷ್ಟು ಜಾಗವಿತ್ತು, ಕಣ್ಣಿರಲಿಲ್ಲ. ಇನ್ನೊಂದಕ್ಕೆ ಕಣ್ಣಿತ್ತು, ಜಾಗವಿರಲಿಲ್ಲ. ತಕ್ಕಡಿ ಆರಿಸುವ ತೊಂದರೆ ಪೂರ್ತಿ ಇಷ್ಟೇ, ಇವತ್ತಿಗೂ ಇಷ್ಟೇ.

ಬಟ್ಟುಗಳ ಗೊಂದಲಕ್ಕೆ ಒಂದು ಹಳ್ಳಿ ಉಪಾಯವಿತ್ತು. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ತೂಕ ಸರಿಯಾಗಿ ಒಂದು ತೊಲ. ಸವೆಯದ ನಾಣ್ಯ ಹತ್ತು ಇದ್ದರೆ ಹತ್ತು ತೊಲದ ಬಟ್ಟು ಸಿದ್ಧ. ಟಂಕಸಾಲೆಯಲ್ಲಿ ಅಚ್ಚಾದ ನಾಣ್ಯ ಯಾವ ಊರಲ್ಲೂ ಅಷ್ಟೇ ತೂಗುತ್ತಿತ್ತು. 1956ರಲ್ಲಿ ತೂಕ ಅಳತೆಯ ಹೊಸ ಕಾನೂನು ಬಂದು, 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಕಿಲೋ ಗ್ರಾಂ ಜಾರಿಯಾದ ಮೇಲೆ ಸೇರಿನ ಜಗಳ ಮುಗಿಯಿತು.

ತಕ್ಕಡಿ ಗಿಡುಗದ ಮನೆಗೆ ಬಂದದ್ದು

ದಿನಾ ತೂಗಿ ಬರೆದಿಡುವುದು ಗಿಡುಗ ಸಾಕುವವರಲ್ಲಿ ರೂಢಿಯಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅವರು ಮೊದಲು ಮಾಡಿದ ಕೆಲಸ ಸರಳ. ಎರಡು ಬಟ್ಟಲಿನ ತಕ್ಕಡಿಯಲ್ಲಿ ಒಂದು ಬಟ್ಟಲು ತೆಗೆದು ಆ ಜಾಗದಲ್ಲಿ ಹಕ್ಕಿ ಕೂರಲು ಒಂದು ಕಟ್ಟಿಗೆಯ ಆಸರೆ ಕೂರಿಸಿದರು, ಇನ್ನೊಂದು ಬದಿಗೆ ಬಟ್ಟು. ಗಿಡುಗ ಬಟ್ಟಲಲ್ಲಿ ನಿಲ್ಲದು, ಕೊಂಬೆ ಸಿಕ್ಕರೆ ಸುಮ್ಮನೆ ಕೂರುತ್ತದೆ. ಇಂಥ ತಕ್ಕಡಿಗೆ ಬ್ಯಾಟರಿ ಬೇಡ, ಹತ್ತು ವರ್ಷವಾದರೂ ಸುಳ್ಳು ಹೇಳದು. ಆದರೆ ಬಟ್ಟು ಹಾಕಿ ತೆಗೆದು ಮಾಡುವಷ್ಟರಲ್ಲಿ ಹಕ್ಕಿ ಬೇಸರಗೊಂಡು ರೆಕ್ಕೆ ಬಿಚ್ಚುತ್ತದೆ.

ಸ್ಪ್ರಿಂಗ್ ತಕ್ಕಡಿ ಹಗುರ, ಜೇಬಿನಲ್ಲಿಟ್ಟುಕೊಂಡು ಹೋಗಬಹುದು. ವಲಸೆ ಹಕ್ಕಿಗಳ ಕಾಲಿಗೆ ಉಂಗುರ ಹಾಕುವವರು ಹಕ್ಕಿಯನ್ನು ಬಟ್ಟೆ ಚೀಲದಲ್ಲಿ ಹಾಕಿ ಇದರಲ್ಲೇ ತೂಗುತ್ತಾರೆ. ಒಂದು ಸಲ ತೂಗಿ ಬಿಡುವುದಕ್ಕೆ ಅದು ಸರಿ. ಆದರೆ ಗಾಳಿಗೆ ಮುಳ್ಳು ತೂಗಾಡುತ್ತದೆ, ಸ್ಪ್ರಿಂಗ್ ವರ್ಷಗಟ್ಟಲೆ ಜಗ್ಗಿ ಸಡಿಲಾಗುತ್ತದೆ. ಅದೇ ಹಕ್ಕಿಯನ್ನು ದಿನಾ ಚೀಲಕ್ಕೆ ತುರುಕಿದರೆ ಅದು ಮನುಷ್ಯನ ಮುಖ ಕಂಡರೆ ಹೆದರಲು ಕಲಿಯುತ್ತದೆ.

ಈಗ ಎಲ್ಲೆಡೆ ಎಲೆಕ್ಟ್ರಾನಿಕ್ ತಕ್ಕಡಿ. ಮೇಲೆ ಒಂದು ಆಸರೆ ಕೂರಿಸಿ, ಅದರ ತೂಕ ಸೊನ್ನೆ ಮಾಡಿ, ಹಕ್ಕಿಯನ್ನು ಹತ್ತಿಸಿದರೆ ಕಣ್ಣು ಮಿಟುಕಿಸುವುದರಲ್ಲಿ ಅಂಕಿ ಬರುತ್ತದೆ. ಆರಿಸುವಾಗ ಜನ ಸಾಮಾನ್ಯವಾಗಿ ಕೇಳುವುದು 'ಎಷ್ಟು ಕಿಲೋವರೆಗೆ ತೂಗುತ್ತದೆ' ಅಂತ. ಗಿಡುಗದವರು ಕೇಳುವುದು ನಮ್ಮ ಅಕ್ಕಸಾಲಿಗರ ಪ್ರಶ್ನೆ: ಎಷ್ಟೆಷ್ಟಕ್ಕೆ ಜಿಗಿಯುತ್ತದೆ? ದೊಡ್ಡ ಡೇಗೆಗೆ ಐದು ಗ್ರಾಂ ನಡೆದೀತು. ಬಿಜ್ಜುವಿಗೆ ಒಂದು ಗ್ರಾಂಗಿಂತ ಒರಟು ತಕ್ಕಡಿ ಇಟ್ಟುಕೊಂಡರೆ ಕುರುಡನ ಕೈಗೆ ದೀಪ ಕೊಟ್ಟಂತೆ. ಮೂವತ್ತು ಕಿಲೋ ತೂಗುವ ತಕ್ಕಡಿಗೆ ಒಂದು ಗ್ರಾಂ ಕಾಣುವುದಿಲ್ಲ, ಎರಡು ಕಿಲೋದ್ದಕ್ಕೆ ಕಾಣುತ್ತದೆ.

ತಕ್ಕಡಿ ಸರಿಯಿದ್ದರೂ ತೂಗುವ ರೀತಿ ತಪ್ಪಿದರೆ ಅಂಕಿ ಸುಳ್ಳಾಗುತ್ತದೆ. ದಿನಾ ಒಂದೇ ಹೊತ್ತಿಗೆ, ತಿನ್ನಿಸುವ ಮೊದಲು ತೂಗಬೇಕು. ಗಿಡುಗ ತಿಂದ ಪುಕ್ಕ, ಕೂದಲನ್ನು ಉಂಡೆ ಮಾಡಿ ಬಾಯಿಂದ ಉಗುಳುತ್ತದೆ. ಅದನ್ನು ಉಗುಳಿದ ಮೇಲೆ ತೂಗಬೇಕು. ಕಾಲಿನ ತೊಗಲು ಪಟ್ಟಿ, ಗೆಜ್ಜೆಗಳ ತೂಕ ಕಳೆಯಬೇಕು. ನೆಲ ಸಮ ಇರಬೇಕು, ಫ್ಯಾನಿನ ಗಾಳಿ ಬಡಿಯಬಾರದು.

ಈಗ ನಮ್ಮ ತಪ್ಪು ನಮಗೆ ತಿಳಿಯುತ್ತದೆ. ನಾವು ಮರುದಿನ ತೂಗಿದ್ದು ಹಾಲು ಬ್ರೆಡ್ ತಿನ್ನಿಸಿದ ಮೇಲೆ. ಹೊಟ್ಟೆಯೊಳಗಿನ ಹಾಲನ್ನೂ ತಕ್ಕಡಿ ಹಕ್ಕಿಯ ಮೈ ಅಂತಲೇ ಎಣಿಸಿತು. ಮಾಂಸ ತಿನ್ನುವ ಹಕ್ಕಿಗೆ ಆ ಹಾಲಿನಿಂದ ಕಸುವು ಬರುವುದಿರಲಿಲ್ಲ. ಮೈ ಕರಗುತ್ತಿತ್ತು, ಹೊಟ್ಟೆ ತುಂಬಿತ್ತು, ಅಂಕಿ ಮಾತ್ರ ಅಲುಗಲಿಲ್ಲ. ಎದೆಯೆಲುಬು ಮುಟ್ಟಿ ನೋಡಿದ್ದರೆ ಕೈಯಾದರೂ ನಿಜ ಹೇಳುತ್ತಿತ್ತು. ನಾವು ಅಂಕಿಯನ್ನೇ ನಂಬಿದೆವು.

ಎರಡು ಬಗೆಯ ನಂಬಿಕೆ

ನಮ್ಮ ಓದುಗರಲ್ಲಿ ಹೆಚ್ಚಿನವರು ರೈತರು. ಮೆಣಸಿನಕಾಯಿ, ಹತ್ತಿ, ಕಡಲೆ ತೂಗಿಸುವಾಗ ತಕ್ಕಡಿ ಮೇಲೆ ಕಣ್ಣಿಟ್ಟು ನಿಂತವರು. ಸಂತೆಯಲ್ಲಿ ತೂಕ ಇಬ್ಬರ ನಡುವಿನ ವ್ಯವಹಾರ. ಅದಕ್ಕೇ ಕಾನೂನು ಮಾಪನಶಾಸ್ತ್ರ ಇಲಾಖೆ ಮುದ್ರೆ ಹಾಕಬೇಕು, 2009ರ ಕಾಯ್ದೆ ಬೇಕು. ಅಲ್ಲಿ ತಕ್ಕಡಿ ಹತ್ತು ಗ್ರಾಂ ಸುಳ್ಳು ಹೇಳಿದರೆ ಒಬ್ಬನ ಕಿಸೆಗೆ ಕತ್ತರಿ.

ಗಿಡುಗದ ತಕ್ಕಡಿಯ ನಂಬಿಕೆ ಬೇರೆ ಬಗೆಯದು. ಅದು ದಿನಾ ಮೂರು ಗ್ರಾಂ ಹೆಚ್ಚು ತೋರಿಸಿದರೂ ಕೆಡುಕಿಲ್ಲ, ನಿನ್ನೆಯ ಅಂಕಿಗೂ ಇವತ್ತಿನ ಅಂಕಿಗೂ ಇರುವ ಅಂತರ ಸರಿಯಾಗಿ ಸಿಗುತ್ತದೆ. ಒಂದು ದಿನ ಮೂರು ಹೆಚ್ಚು, ಒಂದು ದಿನ ಮೂರು ಕಡಿಮೆ ತೋರಿಸುವ ತಕ್ಕಡಿ ಮಾತ್ರ ಹಕ್ಕಿಯನ್ನು ಕೊಲ್ಲುತ್ತದೆ. ಆದ್ದರಿಂದ ಗಿಡುಗದವರು ತಕ್ಕಡಿ ಬದಲಿಸುವುದಿಲ್ಲ, ಗೊತ್ತಿರುವ ಒಂದು ಬಟ್ಟನ್ನು ಪಕ್ಕದಲ್ಲಿಟ್ಟುಕೊಂಡು ಆಗಾಗ ಪರೀಕ್ಷೆ ಮಾಡುತ್ತಾರೆ.

ಬೇಟೆ ನಿಂತ ಮೇಲೆ

ಸಂಸ್ಥಾನಗಳು ಹೋದ ಮೇಲೆ ನಮ್ಮ ದೇಶದಲ್ಲಿ ಗಿಡುಗದ ಬೇಟೆ ಬಹುಮಟ್ಟಿಗೆ ಮುಗಿಯಿತು. ಭಾವನಗರದ ಧರ್ಮಕುಮಾರಸಿಂಹಜಿಯವರಂಥ ಕೆಲವರು ಆ ವಿದ್ಯೆಯನ್ನು ಇಪ್ಪತ್ತನೆಯ ಶತಮಾನಕ್ಕೂ ದಾಟಿಸಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡು ಗಿಡುಗವನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. 2010ರಲ್ಲಿ ಯುನೆಸ್ಕೋ ಗಿಡುಗದ ಬೇಟೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅರಬ್ ದೇಶಗಳು, ಯುರೋಪಿನ ದೇಶಗಳು ಅದರಲ್ಲಿವೆ. ಮಾನಸೋಲ್ಲಾಸ ಹುಟ್ಟಿದ ನಮ್ಮ ದೇಶದ ಹೆಸರು ಆ ಪಟ್ಟಿಯಲ್ಲಿಲ್ಲ. ಅದಕ್ಕೆ ನಮಗೆ ಬೇಸರವಿಲ್ಲ. ನಮ್ಮ ಹೊಲಗಳ ಮೇಲೆ ಬಿಜ್ಜು ಸ್ವತಂತ್ರವಾಗಿ ಹಾರಲಿ, ಇಲಿ ಮಿಡತೆ ತಿನ್ನಲಿ.

ಬೇಟೆ ಹೋದರೂ ಬೇಟೆಗಾರರ ತಕ್ಕಡಿ ವಿದ್ಯೆ ಉಳಿಯಿತು. ಗಾಯಗೊಂಡ ಹದ್ದು, ಗಿಡುಗ, ಗೂಬೆಗಳನ್ನು ಗುಣಪಡಿಸಿ ಮತ್ತೆ ಬಿಡುವ ಕೇಂದ್ರಗಳಲ್ಲಿ ಇವತ್ತು ಮಾಡುವುದು ಅದನ್ನೇ. ಬಂದ ಕೂಡಲೇ ತೂಕ, ದಿನಾ ತೂಕ, ಎದೆಯೆಲುಬಿನ ಮೇಲೆ ಬೆರಳು, ಪಕ್ಕದಲ್ಲೊಂದು ನೋಟ್‌ಬುಕ್. ಹಕ್ಕಿಯನ್ನು ಕೈಗೆ ಕರೆಸಲು ಹುಟ್ಟಿದ ಲೆಕ್ಕ ಈಗ ಹಕ್ಕಿಯನ್ನು ಕೈಯಿಂದ ಬಿಡಲು ಬಳಕೆಯಾಗುತ್ತಿದೆ.

ಒಂದು ಗ್ರಾಂಗೆ ಜಿಗಿಯುವ ತಕ್ಕಡಿ ಇದ್ದಿದ್ದರೆ ಶಿರಗುಪ್ಪಿಯ ಆ ಹಕ್ಕಿ ಬದುಕುತ್ತಿತ್ತು ಅಂತ ನಾವು ಹೇಳುವುದಿಲ್ಲ. ರೆಕ್ಕೆಯ ಗಾಯವೂ ಇತ್ತು. ಆದರೆ ಸೋಮವಾರವೇ ಅಂಕಿ ಇಳಿದದ್ದು ಕಂಡಿದ್ದರೆ ನಾವು ಸುಮ್ಮನೆ ಕೂರುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಭಾನುವಾರವೇ ಫೋನ್ ಮಾಡಬೇಕಿತ್ತು. ಪತ್ರಿಕೋದ್ಯಮ ಓದಿದ ನಮಗೇ ಅದು ಹೊಳೆಯಲಿಲ್ಲ, ಫೋಟೋ ತೆಗೆಯುವುದು ಮಾತ್ರ ಹೊಳೆಯಿತು.

ಆದ್ದರಿಂದ ಇಷ್ಟು ನೆನಪಿಟ್ಟುಕೊಳ್ಳಿ. ಗಾಯಗೊಂಡ ಗಿಡುಗ ಸಿಕ್ಕರೆ ದಪ್ಪ ಬಟ್ಟೆ ಹೊದಿಸಿ ಎತ್ತಿ, ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿಟ್ಟು, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಿ. ಹಾಲು, ಬ್ರೆಡ್, ಅನ್ನ ಬೇಡ. ಬಾಯಿಗೆ ನೀರು ಸುರಿಯಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅದೇ ದಿನ ಕರೆ ಮಾಡಿ. ಮನೆಯಲ್ಲಿಟ್ಟು ಸಾಕಲು ಹೋಗಬೇಡಿ, ಕಾನೂನೂ ಒಪ್ಪುವುದಿಲ್ಲ, ಹಕ್ಕಿಯ ಮೈಯೂ ಒಪ್ಪುವುದಿಲ್ಲ.

ಆ ಮೂವರು ಹುಡುಗರು ಹಕ್ಕಿಯನ್ನು ಹೊಲದ ಬದುವಿನ ಬೇವಿನ ಗಿಡದ ಬುಡದಲ್ಲಿ ಹೂತರು. ಈ ವರ್ಷ ಗಾಳಿಪಟ ಹಾರಿಸಿದ ಮೇಲೆ ತುಂಡಾದ ದಾರ ಆರಿಸಿ ಸುತ್ತಿಡುತ್ತಿದ್ದಾರೆ. ಅಕ್ಕಸಾಲಿಗರು ಅವರಿಗೆ ಹೇಳಿಟ್ಟಿದ್ದಾರೆ: "ಮುಂದ ಎಂದರೆ ಸಿಕ್ಕರ, ಮೊದಲ ಫೋನ್ ಹಚ್ಚ್ರಿ. ಅವ್ರು ಬರೂತನಕ ತೂಗೂದಿದ್ರ ನನ್ನ ಅಂಗಡಿಗಿ ಬರ್ರಿ."